ಕೋಳಿಗೂಡಿಗೆ ಯಾವ ಬೇಲಿ?

ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಅಗ್ಗ, ಹಗುರ. ಆದರೆ ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ಹಗಲು ಮೇಯುವ ಜಾಗಕ್ಕೆ, ಹದ್ದು ಎರಗದಂತೆ ಮೇಲೆ ಹೊದಿಸಲು ಸಾಕು.

ರಾತ್ರಿ ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ (ತಂತಿಗಳನ್ನು ಬೆಸೆದ ಗಟ್ಟಿ ಜಾಲರಿ) ಬೇಕು. ದುಬಾರಿ ನಿಜ, ಆದರೆ ಮುಂಗುಸಿ, ಹೆಗ್ಗಣ ನುಸುಳಲಾರವು. ಬರೀ ಸ್ಟೇಪಲ್ ಹೊಡೆದರೆ ಕಿತ್ತು ಬರುತ್ತದೆ. ಸ್ಕ್ರೂ, ಅಗಲ ವಾಷರ್ ಹಾಕಿ. ನೆಲ ಕೆರೆದು ಬರುವ ಪ್ರಾಣಿಗಳಿದ್ದರೆ ಬುಡದಲ್ಲಿ 12 ಇಂಚು ಹೊರಕ್ಕೆ ಮಡಚಿ ಮಣ್ಣು ಮುಚ್ಚಿ. ಚಿಲಕ ಸಡಿಲವಿದ್ದರೆ ಇಷ್ಟೆಲ್ಲ ದಂಡ.

ಮೇಯುವ ಜಾಗ ಆಗಾಗ ಬದಲಿಸುವವರಿಗೆ ವಿದ್ಯುತ್ ಬಲೆ ಅನುಕೂಲ. ಹಸಿ ಹುಲ್ಲು ತಾಗಿದರೆ ಶಾಕ್ ಕುಗ್ಗುತ್ತದೆ, ಹದ್ದಿಗಂತೂ ಅದು ಲೆಕ್ಕಕ್ಕಿಲ್ಲ. ಮನೆಯ ಕರೆಂಟನ್ನು ನೇರ ಹರಿಸಿದರೆ ಜೀವಕ್ಕೇ ಅಪಾಯ; ಬೇಲಿಗೆಂದೇ ಬರುವ ಎನರ್ಜೈಸರ್ (ಬಿಟ್ಟು ಬಿಟ್ಟು ಕ್ಷಣಮಾತ್ರ ಶಾಕ್ ಹರಿಸುವ ಸಾಧನ) ಬಳಸಿ.