ಕರ್ಕ್ಯುಮಿನ್ ಮಾತ್ರೆ: ಪೈಪರಿನ್ ಇರುವುದೋ, ಇಲ್ಲದ್ದೋ?

ಕರ್ಕ್ಯುಮಿನ್ ಅರಿಶಿನದ ಹಳದಿ ಅಂಶ. ಮಂಡಿ ಸವೆತದ ನೋವಿಗೆ ಇದು ಸ್ವಲ್ಪ ಆರಾಮ ಕೊಡುತ್ತದೆ ಎಂದು ಹಲವು ಸಣ್ಣ ಅಧ್ಯಯನಗಳು ತೋರಿಸಿವೆ. ಕ್ಯಾನ್ಸರ್, ಮರೆವು ವಾಸಿಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ.

ಬರೀ ಕರ್ಕ್ಯುಮಿನ್ ಮಾತ್ರೆಯ ದೊಡ್ಡ ತೊಂದರೆ: ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದಕ್ಕೇ ಕಾಳುಮೆಣಸಿನ ಪೈಪರಿನ್ ಬೆರೆಸುತ್ತಾರೆ. 1998ರ ಒಂದು ಪುಟ್ಟ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ ಶೇ. 2000ರಷ್ಟು ಹೆಚ್ಚಿತು. ಲೇಬಲ್‌ಗಳಲ್ಲಿ ಮೆರೆಯುವ ಸಂಖ್ಯೆ ಇದೇ.

ಆದರೆ ಜಾಸ್ತಿ ಹೀರಿಕೆ ಅಂದರೆ ಜಾಸ್ತಿ ಒಳ್ಳೆಯದು ಅಂತಲ್ಲ, ಅಲ್ವಾ? ಔಷಧಿಗಳನ್ನು ಕರಗಿಸಿ ಹೊರಹಾಕುವ ಲಿವರ್‌ನ ಕೆಲಸವನ್ನೇ ಪೈಪರಿನ್ ತಡೆಯುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಮಟ್ಟ ರಕ್ತದಲ್ಲಿ ಏರಬಹುದು. ಅರಿಶಿನದ ಮಾತ್ರೆಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಅವುಗಳಲ್ಲಿ ಹಲವರು ನುಂಗಿದ್ದು ಪೈಪರಿನ್ ಬೆರೆತದ್ದನ್ನೇ.

ದಿನವೂ ಬೇರೆ ಔಷಧಿ ತಗೊಳ್ಳುವವರು ಪೈಪರಿನ್ ಇರುವುದನ್ನು ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ. ಆರೋಗ್ಯವಾಗಿದ್ದು ಮಂಡಿ ನೋವಿಗೆ ಕೆಲವು ವಾರ ಪ್ರಯತ್ನಿಸುವವರಿಗೂ ಬರೀ ಕರ್ಕ್ಯುಮಿನ್ ಸಾಕು. 'ನ್ಯಾನೊ', 'ಫೈಟೊಸೋಮ್' ಎಂದಿರುವ ಮಾತ್ರೆಗಳೂ ಹೀರಿಕೆ ಹೆಚ್ಚಿಸುವಂಥವೇ, ಸುಮ್ನೆ ನಂಬಬೇಡಿ.

ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಗರ್ಭಿಣಿಯರು ಪೈಪರಿನ್ ಇರುವುದನ್ನಾಗಲಿ, ಇಲ್ಲದ್ದನ್ನಾಗಲಿ ಡಾಕ್ಟರ್‌ಗೆ ಕೇಳದೆ ಮುಟ್ಟಬಾರದು. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ತಕ್ಷಣ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ.