ಫೋರ್‌ಸ್ಕ್ಯಾನ್: ಫೋರ್ಡ್ ಕಾರಿನ ದೋಷವನ್ನು ಮನೆಯಲ್ಲೇ ಪತ್ತೆಹಚ್ಚುವ ತಂತ್ರಾಂಶ

ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಫೋರ್ಡ್ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಆದರೂ ಅದರ ಇಕೋಸ್ಪೋರ್ಟ್, ಫಿಗೊ, ಎಂಡೆವರ್ ಕಾರುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಸಾಕಷ್ಟು ಓಡಾಡುತ್ತಿವೆ. ಸರ್ವೀಸ್ ಮತ್ತು ಬಿಡಿಭಾಗಗಳ ವ್ಯವಸ್ಥೆಯನ್ನು ಕಂಪನಿ ಮುಂದುವರಿಸಿದೆಯಾದರೂ, ತೀರ್ಥಹಳ್ಳಿಯಲ್ಲಿರುವ ನನಗೆ ಅಧಿಕೃತ ಸರ್ವೀಸ್ ಸೆಂಟರ್‌ಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ. ಹಾಗಾಗಿ ಎರಡು ವರ್ಷಗಳಿಂದ ನನ್ನ ಡೀಸೆಲ್ ಇಕೋಸ್ಪೋರ್ಟ್‌ಗೆ ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಇದು ಫೋರ್ಡ್ ಕಂಪನಿಯದಲ್ಲ. ಆದರೆ ಡೀಲರುಗಳು ಕಂಪನಿಯ ಐಡಿಎಸ್ ತಂತ್ರಾಂಶದಲ್ಲಿ ಮಾಡುವ ತಪಾಸಣೆಯಲ್ಲಿ ಹೆಚ್ಚಿನದನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ಮಾಡಿಕೊಳ್ಳಲು ಇದು ಅನುವು ಮಾಡಿಕೊಡುತ್ತದೆ.

ಕಳೆದ ಮಳೆಗಾಲದಲ್ಲಿ ಮೀಟರಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹೊತ್ತಿಕೊಂಡು, ಒಮ್ಮೊಮ್ಮೆ ತಾನಾಗಿಯೇ ಆರುತ್ತಿತ್ತು. ಮೊಬೈಲಿನಲ್ಲಿದ್ದ ಸಾಮಾನ್ಯ ಒಬಿಡಿ (ಕಾರಿನ ದೋಷ ತಪಾಸಣೆ) ಆ್ಯಪ್ ಯಾವ ದೋಷವೂ ಇಲ್ಲವೆಂದು ತೋರಿಸಿತು, ಏಕೆಂದರೆ ಅಂಥ ಆ್ಯಪ್‌ಗಳು ಮುಖ್ಯವಾಗಿ ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ಇಂಜಿನ್ ದೋಷದ ಕೋಡ್‌ಗಳನ್ನಷ್ಟೇ ಓದುತ್ತವೆ. ಒಂದು ಗ್ಯಾರೇಜಿನವರು ಸ್ಕ್ಯಾನರನ್ನೂ ಜೋಡಿಸದೆ ಇಡೀ ಎಬಿಎಸ್ ಯೂನಿಟ್ಟನ್ನೇ ಬದಲಿಸಬೇಕಾದೀತು ಎಂದರು. ಫೋರ್‌ಸ್ಕ್ಯಾನ್ ಜೋಡಿಸಿದಾಗ ಇಂಜಿನ್, ಏರ್‌ಬ್ಯಾಗ್, ಬಾಡಿ ಕಂಟ್ರೋಲ್, ಮೀಟರ್ ಎಂದು ಕಾರಿನೊಳಗಿನ ಒಂದೊಂದು ಮಾಡ್ಯೂಲೂ (ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ) ಹೆಸರು ಸಮೇತ ಸಾಲಾಗಿ ಬಂತು. ಅವುಗಳ ಪೈಕಿ ಎಬಿಎಸ್ ಮಾಡ್ಯೂಲಿನಲ್ಲಿ ಮಾತ್ರ ಸಿ0034 ಎಂಬ ಕೋಡ್ ಇತ್ತು. ಅದು ಮುಂದಿನ ಬಲ ಚಕ್ರದ ವೇಗವನ್ನು ಅಳೆಯುವ ಸೆನ್ಸರ್‌ಗೆ ಸಂಬಂಧಿಸಿದ್ದು.

ಇಲ್ಲಿಗೇ ನಿಲ್ಲಿಸಿ ಹೊಸ ಸೆನ್ಸರ್ ತರಿಸಿದ್ದರೆ ಹಣ ವ್ಯರ್ಥವಾಗುತ್ತಿತ್ತು. ಕೋಡ್ ಯಾವ ದಿಕ್ಕಿನಲ್ಲಿ ಹುಡುಕಬೇಕೆಂದು ಹೇಳುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆಯೆಂದು ತೀರ್ಪು ಕೊಡುವುದಿಲ್ಲ. ಈ ತಂತ್ರಾಂಶದ ನಿಜವಾದ ಬೆಲೆ ತಿಳಿಯುವುದು ಸೆನ್ಸರ್‌ಗಳ ಅಳತೆಯನ್ನು ಕಾರು ಓಡುತ್ತಿರುವಾಗಲೇ ಗ್ರಾಫ್ ರೂಪದಲ್ಲಿ ನೋಡಿದಾಗ. ಮಗ ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿದ; ನಾನು ಪಕ್ಕದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕೂ ಚಕ್ರಗಳ ವೇಗವನ್ನು ಒಂದೇ ಪರದೆಯಲ್ಲಿ ನೋಡುತ್ತ ಕುಳಿತೆ. ನೇರ ಹೋಗುವಾಗ ನಾಲ್ಕು ಗೆರೆಗಳೂ ಒಂದರ ಮೇಲೊಂದು ಕೂತಂತೆ ಸಾಗಿದವು. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದ ಕೂಡಲೇ ಬಲ ಚಕ್ರದ ಗೆರೆ ಸೊನ್ನೆಗೆ ಕುಸಿದು, ಸ್ಟೀರಿಂಗ್ ನೇರವಾದೊಡನೆ ಮತ್ತೆ ಮೇಲಕ್ಕೆ ಬಂತು. ಸೆನ್ಸರ್ ಸತ್ತಿದ್ದರೆ ಹೀಗೆ ಚಕ್ರ ತಿರುಗಿದಂತೆ ಬಂದು ಹೋಗುತ್ತಿರಲಿಲ್ಲ. ವೈರ್ ಬಾಗಿದಾಗ ಎಲ್ಲೋ ಸಂಪರ್ಕ ತಪ್ಪುತ್ತಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಚಕ್ರ ಬಿಚ್ಚಿ ಕನೆಕ್ಟರ್ ಎಳೆದು ನೋಡಿದರೆ ಒಳಗೆ ಕೆಸರು ನೀರು ಹೊಕ್ಕು, ಒಂದು ಪಿನ್ನಿನ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿಸಿ, ಸಡಿಲವಾಗಿದ್ದ ಪಿನ್ನನ್ನು ಬಿಗಿ ಮಾಡಿ, ಕೋಡನ್ನು ಅಳಿಸಿ, ಅದೇ ತಿರುವಿನಲ್ಲಿ ಮತ್ತೊಮ್ಮೆ ಓಡಿಸಿ ಗ್ರಾಫ್ ನೋಡಿದೆವು. ಈ ಸಲ ಗೆರೆ ಕುಸಿಯಲಿಲ್ಲ. ಆ ದೀಪ ಮತ್ತೆ ಹೊತ್ತಿಲ್ಲ.

ವಿಂಡೋಸ್ ಆವೃತ್ತಿಯಲ್ಲಿ ದೋಷ ತಪಾಸಣೆ ಉಚಿತ. ಖರ್ಚಿರುವುದು ಕಾರಿಗೂ ಲ್ಯಾಪ್‌ಟಾಪಿಗೂ ಕೊಂಡಿಯಾಗುವ ಅಡಾಪ್ಟರಿಗೆ, ಮತ್ತು ಅಲ್ಲಿ ಕೈಬಿಗಿ ಹಿಡಿಯಬಾರದು. ಕಾರಿನ 16 ಪಿನ್ನಿನ ಒಬಿಡಿ ಪೋರ್ಟಿನಲ್ಲಿ ಇಂಜಿನ್ ಮತ್ತು ಎಬಿಎಸ್ ಮಾಡ್ಯೂಲುಗಳಿರುವ ವೇಗದ ಕ್ಯಾನ್ ಜಾಲ (ಮಾಡ್ಯೂಲುಗಳು ಪರಸ್ಪರ ಮಾತಾಡುವ ತಂತಿ ಜಾಲ) 6 ಮತ್ತು 14ನೇ ಪಿನ್ನುಗಳಲ್ಲಿದೆ. ಆಡಿಯೊ ಮುಂತಾದವುಗಳಿರುವ ನಿಧಾನದ ಜಾಲವನ್ನು ಫೋರ್ಡ್ 3 ಮತ್ತು 11ನೇ ಪಿನ್ನುಗಳಲ್ಲಿ ಇಟ್ಟಿದೆ. ಸಾಮಾನ್ಯ ಅಡಾಪ್ಟರ್ ಎರಡನೆಯದನ್ನು ಮುಟ್ಟುವುದೇ ಇಲ್ಲ. ನಾನು ಮೊದಲು ಕೊಂಡ ಅಗ್ಗದ ಅಡಾಪ್ಟರಿನ ಮೇಲೆ ಎಲ್ಮ್327 ಚಿಪ್‌ನ ಆವೃತ್ತಿ 1.5 ಎಂದು ಬರೆದಿತ್ತು. ಮೂಲ ಚಿಪ್ ತಯಾರಿಸುತ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಅಂಥ ಆವೃತ್ತಿಯನ್ನು ಹೊರತಂದೇ ಇರಲಿಲ್ಲವೆಂದು ತಿಳಿದದ್ದು, ಅದು ಕೋಡ್ ಓದುವ ನಡುವೆ ಎರಡು ಸಲ ಸಂಪರ್ಕ ಕಡಿದುಕೊಂಡ ಮೇಲೆ. ಈಗ ಬಳಸುತ್ತಿರುವುದು ಒಬಿಡಿಲಿಂಕ್ ಇಎಕ್ಸ್ ಎಂಬ ಯುಎಸ್‌ಬಿ ಅಡಾಪ್ಟರ್. ಎರಡೂ ಜಾಲಗಳ ನಡುವೆ ಅದು ತಾನೇ ಬದಲಿಸಿಕೊಳ್ಳುತ್ತದೆ. ಬೆಲೆ ಹೆಚ್ಚಾದರೂ ಕೊಟ್ಟದ್ದಕ್ಕೆ ಬೇಸರವಿಲ್ಲ.

ಮಾಡ್ಯೂಲುಗಳ ಒಳಗಿನ ಸಂರಚನೆಯನ್ನು ಬದಲಿಸಲು ವಿಸ್ತೃತ ಪರವಾನಗಿ ಬೇಕು, ಮತ್ತು ಅದು ಒಂದು ನಿರ್ದಿಷ್ಟ ಕಂಪ್ಯೂಟರಿಗೆ ಮಾತ್ರ ಅನ್ವಯಿಸುತ್ತದೆ. ಈ ಭಾಗಕ್ಕೆ ಕೈಹಾಕುವವರು ದಯವಿಟ್ಟು ಮೊದಲು ಪ್ರತಿಯೊಂದು ಮಾಡ್ಯೂಲಿನ ಮೂಲ ಮಾಹಿತಿಯನ್ನು ಫೈಲಾಗಿ ಉಳಿಸಿಕೊಳ್ಳಬೇಕು, ಮತ್ತು ಬರೆಯುವ ಹೊತ್ತಿನಲ್ಲಿ ವೋಲ್ಟೇಜ್ ಇಳಿಯದಂತೆ ಬ್ಯಾಟರಿಗೆ ಚಾರ್ಜರ್ ಜೋಡಿಸಿರಬೇಕು. ಏರ್‌ಬ್ಯಾಗ್ ಮಾಡ್ಯೂಲಿನ ಕೋಡನ್ನು ಓದಲು ನನಗೆ ಅಂಜಿಕೆಯಿಲ್ಲ, ಆದರೆ ಅದರ ವೈರಿಂಗನ್ನು ಮನೆಯಲ್ಲಿ ಮುಟ್ಟುವುದಿಲ್ಲ.

ಫೋರ್ಡ್ ಅಥವಾ ಮಾಜ್ದಾ ಅಲ್ಲದ ಕಾರಿನವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್ ಇಟ್ಟುಕೊಂಡಿರುವವರು ರಾಸ್‌ಟೆಕ್‌ನ ವಿಸಿಡಿಎಸ್ ತಂತ್ರಾಂಶದ ಕಡೆಗೆ ನೋಡುವುದು ಒಳ್ಳೆಯದು.