ಆನೆಗೊಂದಿ ಕಡವಿನಲ್ಲಿ ಕಾಳಗ: ಸರದಿ ಹಂಚುವ ಮೂರು ಪದ್ಧತಿ

ಹೋಲಿಕೆಗೆ ಹಿಡಿದದ್ದು ಒಂದೇ ಕಾಳಗ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ; ದಾಳ ಉರುಳಿಸಿ ಪಾತ್ರ ವಹಿಸಿ ಆಡುವ ಆಟ) ಐದನೇ ಆವೃತ್ತಿ (2014), ಮೊದಲ ಲೆವೆಲ್ಲಿನ ನಾಲ್ವರು ಹರಿಗೋಲಿನಲ್ಲಿ, ಕುಳ್ಳ ರಾಕ್ಷಸರಂಥ ಆರು ಗಾಬ್ಲಿನ್‌ಗಳು ತುಂಗಭದ್ರೆಯ ದಡದ ಬಂಡೆಗಳ ಸಂದಿಯಲ್ಲಿ, ಕೈಯಲ್ಲಿ ಬಿಲ್ಲು.

ಪುಸ್ತಕದ ಪದ್ಧತಿಯಲ್ಲಿ ಪ್ರತಿಯೊಬ್ಬರೂ 20 ಮುಖದ ದಾಳ ಉರುಳಿಸಿ ಚುರುಕುತನದ ಹೆಚ್ಚುವರಿ ಅಂಕೆಯಾದ ಡೆಕ್ಸ್‌ಟೆರಿಟಿ ಕೂಡಿಸಬೇಕು. ದೊಡ್ಡ ಅಂಕೆ ಮೊದಲು. ನ್ಯಾಯವೇನೋ ಹೌದು, ಕಾಯುವುದೇ ಕಾಟ. ಆಟಗಾರರು ತಲಾ 2 ನಿಮಿಷ, ಆಟ ನಡೆಸುವ, ಗಾಬ್ಲಿನ್‌ಗಳನ್ನು ಆಡಿಸುವ ಡಿಎಂ 4 ನಿಮಿಷ ತೆಗೆದುಕೊಂಡರೆ ನಿಮ್ಮ ಮುಂದಿನ ಸರದಿಗೆ 10 ನಿಮಿಷ. ಅಷ್ಟರಲ್ಲಿ ಕಣ್ಣು ಮೊಬೈಲಿಗೆ, ಕೈ ಒಗ್ಗರಣಿ-ಮಿರ್ಚಿ ತಟ್ಟೆಗೆ. ಸರದಿ ಬಂದಾಗ "ಈಗ ಏನಾತು?" ಅಂತ ಕೇಳ್ತಾರೆ, ಅದನ್ನು ವಿವರಿಸಲು ಇನ್ನೊಂದು ನಿಮಿಷ.

ಇಸ್ಪೀಟ್ ಎಲೆಯ ಪದ್ಧತಿ ಸ್ಯಾವೇಜ್ ವರ್ಲ್ಡ್ಸ್ ಆಟದ್ದು. ಪ್ರತಿ ಸುತ್ತಿಗೂ ಹೊಸದಾಗಿ ಎಲೆ ಹಂಚಿಕೆ, ಎಕ್ಕ ಎಲ್ಲಕ್ಕಿಂತ ಮೊದಲು. ಜೋಕರ್ ಬಿದ್ದವರು ಬೇಕಾದಾಗ ನುಗ್ಗಬಹುದು. ರೋಚಕತೆಯಲ್ಲಿ ಇದನ್ನು ಮೀರಿಸಿದ್ದಿಲ್ಲ. ಆದರೆ ಡಿ ಅಂಡ್ ಡಿ ನಿಯಮಗಳ ಜೊತೆ ಹೊಂದುವುದಿಲ್ಲ. ಡಾಡ್ಜ್ ಮಾಡಿದರೆ (ಹೊಡೆಯುವ ಬದಲು ಏಟು ತಪ್ಪಿಸಿಕೊಳ್ಳುವುದರಲ್ಲೇ ಸರದಿ ಕಳೆದರೆ) ರಕ್ಷಣೆ ನಿಮ್ಮ ಮುಂದಿನ ಸರದಿ ಶುರುವಾಗುವ ತನಕ ಮಾತ್ರ. ಈ ಸುತ್ತಿನಲ್ಲಿ ಕೊನೆಗೆ, ಮುಂದಿನದರಲ್ಲಿ ಮೊದಲಿಗೆ ಸರದಿ ಬಿದ್ದರೆ ಆ ಡಾಡ್ಜ್ ನೀರಲ್ಲಿ ಹೋಮ. (ಮಿರ್ಚಿ ಎಣ್ಣೆ ಹತ್ತಿದ ಎಲೆಗೆ ಗುರುತು ಬೀಳುತ್ತದೆ, ಅದು ಬೇರೆ ತಕರಾರು.)

ಬಣಕ್ಕೊಂದು ಸರದಿ ಕೊಡುವುದು ಎಲ್ಲಕ್ಕಿಂತ ಚುರುಕು. ನಾಲ್ವರೂ ಒಟ್ಟಿಗೆ ಮಾತಾಡಿ, ಒಟ್ಟಿಗೇ ದಾಳ ಹಾಕುತ್ತಾರೆ. ಅಪಾಯ ಲೆಕ್ಕದಲ್ಲಿದೆ: ಗಾಬ್ಲಿನ್‌ಗೆ ದಾಳದ ಮೇಲೆ +4, ನಾಲ್ವರಲ್ಲಿ ಮಂತ್ರವಾದಿಯಾದ ವಿಝಾರ್ಡ್‌ನ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕೆ) 12 ಆದರೆ ನೂರಕ್ಕೆ 65 ಬಾಣ ತಾಗುತ್ತವೆ. ಆರೂ ಅವನನ್ನೇ ಹಿಡಿದರೆ ಹತ್ತಿರ ಹತ್ತಿರ 20 ಡ್ಯಾಮೇಜ್; ಅವನ ಬಳಿ ಇರುವುದು 8 ಹಿಟ್ ಪಾಯಿಂಟ್ (ಜೀವಬಲ). ದಾಳ ಮುಟ್ಟುವ ಮೊದಲೇ ಅವನು ಬಿದ್ದಿರುತ್ತಾನೆ.

ಆದರೂ ನಮ್ಮ ಆಯ್ಕೆ ಇದೇ, ಸ್ವಲ್ಪ ತಿದ್ದಿ. ಗಾಬ್ಲಿನ್‌ನ ಡೆಕ್ಸ್‌ಟೆರಿಟಿ +2, ಅದಕ್ಕೆ 10 ಕೂಡಿಸಿದರೆ 12. ಆರಂಭದ ದಾಳದಲ್ಲಿ ಡೆಕ್ಸ್‌ಟೆರಿಟಿ ಸೇರಿ 12 ಅಥವಾ ಹೆಚ್ಚು ಬಿದ್ದ ಆಟಗಾರರು ಮೊದಲು, ಆಮೇಲೆ ಮೂರು ಗಾಬ್ಲಿನ್, ಆಮೇಲೆ ಉಳಿದ ಆಟಗಾರರು, ಕೊನೆಗೆ ಮಿಕ್ಕ ಮೂರು. ಒಂದೇ ಗುರಿಗೆ ಒಂದು ಕಂತಿನಲ್ಲಿ ಎರಡಕ್ಕಿಂತ ಹೆಚ್ಚು ಬಾಣ ಬೇಡ; ನಡುವೆ ಗುಣಪಡಿಸುವ ಪೂಜಾರಿ ಕ್ಲೆರಿಕ್‌ಗೆ ಬಿದ್ದವರನ್ನು ಎಬ್ಬಿಸಲು ಎಡೆ ಸಿಗುತ್ತದೆ. ನಾಲ್ವರೂ 12 ದಾಟಿದರೆ ಇಬ್ಬರನ್ನು ಎರಡನೇ ಕಂತಿಗೆ ಕಳಿಸಿ, ಯಾರೆಂದು ಅವರೇ ಆರಿಸಲಿ. ಗಾಬ್ಲಿನ್ ಡ್ಯಾಮೇಜಿಗೆ ದಾಳ ಉರುಳಿಸದೆ ಸರಾಸರಿ 5 ಹಿಡಿಯಿರಿ.

ಈ ಕ್ರಮದಲ್ಲಿ ಸುತ್ತು ಎಲ್ಲಿ ಮುಗಿಯಿತೆಂದು ಎಲ್ಲರಿಗೂ ಗೊತ್ತಾಗುವುದರಿಂದ ಹರಿಗೋಲನ್ನು ತಿರುಗಿಸಲೂ ಅನುಕೂಲ. ಸುತ್ತಿನ ಕೊನೆಗೆ ನಾಲ್ಕು ಮುಖದ ದಾಳದಲ್ಲಿ 1 ಬಿದ್ದರೆ ದೋಣಿ ಅರ್ಧ ಸುತ್ತು ತಿರುಗುತ್ತದೆ. ಇನ್ನೊಬ್ಬರ ಮರೆಯಲ್ಲಿದ್ದು ಆರ್ಮರ್ ಕ್ಲಾಸಿಗೆ +2 ಪಡೆಯುತ್ತಿದ್ದವರು ಬಾಣಗಳಿಗೆ ಎದುರಾಗುತ್ತಾರೆ.

ಕೊನೆಯ ಗಾಬ್ಲಿನ್ ಸಾಯುವ ತನಕ ಎಳೆಯಬೇಡಿ. 1981ರ ಡಿ ಅಂಡ್ ಡಿ ಬೇಸಿಕ್ ನಿಯಮದಿಂದ ಮೊರಾಲ್ (ಧೈರ್ಯದ ಪರೀಕ್ಷೆ) ತನ್ನಿ: ಮೊದಲನೆಯದು ಸತ್ತಾಗ, ಅರ್ಧ ಬಿದ್ದಾಗ ಎರಡು ಆರುಮುಖದ ದಾಳ ಹಾಕಿ. ಮೊತ್ತ 7 ಮೀರಿದರೆ ಉಳಿದವು ಬಂಡೆ ಹತ್ತಿ ಓಡಿದವು, ಕಾಳಗ ಮುಗಿಯಿತು.